ಸೊಸೆಯನ್ನು ಕೊಂದ ಕೈ

ಕೋಕಿಲಾ ಒಂದು ಕಡೆ ಕೂತವಳೇ ಅಲ್ಲ. ಚಾಮರಾಜಪೇಟೆಯ ವಠಾರದ ಎರಡು ಕೋಣೆಯ ಮನೆಯಲ್ಲಿ ಓಡಾಡಲು ಜಾಗವಾದರೂ ಎಲ್ಲಿತ್ತು? ಆದರೂ ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ಸುತ್ತುತ್ತಲೇ ಇದ್ದಳು. “ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯ ಕಣೇ” ಎಂದು ತಾಯಿ ಹನುಮಕ್ಕ ಬೈಯುತ್ತಿದ್ದಳು.

ಕೋಕಿಲಾಳ ಎಪ್ಪತ್ತರ ದಶಕವೆಲ್ಲ ಹವ್ಯಾಸಿ ನಾಟಕಗಳಲ್ಲೇ ಕಳೆಯಿತು. ಊರಿಗೆ ಟೀವಿ ಬಂದು ಕೆಲವು ವರ್ಷಗಳಾದ ಮೇಲೆ ವರದರಾಜ ಎಂಬ ನಿರ್ದೇಶಕರು ತಮ್ಮ ವಾರದ ಧಾರಾವಾಹಿಯಲ್ಲಿ ಅವಳಿಗೆ ಸೊಸೆ ಸುಮತಿಯ ಪಾತ್ರ ಕೊಟ್ಟರು. ಕೆಲಸವೇನು ಮಹಾ? ಕಾಫಿ ತರುವುದು, ಅಳುವುದು, ಅತ್ತು ಮುಗಿದ ಮೇಲೆ ಮತ್ತೆ ಕಾಫಿ ತರುವುದು. ಊರೆಲ್ಲ ಗುರುತು ಹಿಡಿಯಿತು. ಶಾಲೆಯಲ್ಲಿ ಆಯಾ ಆಗಿ ನೆಲ ಒರೆಸಿ ಮಗಳನ್ನು ಸಾಕಿದ ಹನುಮಕ್ಕನಿಗೆ ಇದಕ್ಕಿಂತ ಸ್ವರ್ಗ ಬೇಕೆ? ಗಾಂಧಿಬಜಾರಿನಲ್ಲಿ ಯಾರಾದರೂ “ನೀವು ಸುಮತಿ ಅಮ್ಮ ಅಲ್ವಾ?” ಎಂದುಬಿಟ್ಟರೆ ಅವತ್ತು ಸೊಪ್ಪಿಗೆ ಚೌಕಾಸಿಯನ್ನೇ ಮಾಡುತ್ತಿರಲಿಲ್ಲ.

ಕೋಕಿಲಾಳಿಗೆ ಮಾತ್ರ ಆ ಕಾಫಿ ಟ್ರೇ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಬರೆದುಕೊಟ್ಟ ಮಾತನ್ನು ಸೆಟ್ಟಿನಲ್ಲೇ ತಿದ್ದುವುದು ಅವಳ ಚಟ. ತಿದ್ದಿದ್ದೇ ಚೆನ್ನಾಗಿರುತ್ತಿತ್ತು ಎಂಬುದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಕಥೆ ಬರೆಯುತ್ತಿದ್ದ ವೆಂಕಟಾಚಲ ಅವರಿಗೆ ಬ್ಯಾಂಕಿನ ಕೆಲಸದಲ್ಲಿ ಬೀದರಿಗೆ ವರ್ಗವಾದಾಗ ವರದರಾಜ ಅವಳನ್ನೇ ಕರೆದರು.

“ನೀವೇ ಬರೀರಿ ಮೇಡಂ. ಆದ್ರೆ ಪ್ರತಿ ಸೀನಲ್ಲೂ ನೀವೇ ಇರ್ತೀರ, ಬರೆಯೋದು ಯಾವಾಗ? ಎರಡರಲ್ಲಿ ಒಂದು ಇಟ್ಕೊಳಿ.”

“ಹಾಗಾದ್ರೆ ಸುಮತೀನ ಸಾಯಿಸ್ಬಿಡ್ತೀನಿ, ಸಾರ್.”

ವರದರಾಜರಿಗೆ ಹೇಳುವ ಧೈರ್ಯ ಅವಳಿಗಿತ್ತು, ಅಮ್ಮನಿಗೆ ಹೇಳಲು ಬರಲಿಲ್ಲ. ಮಗಳ ಮುಖ ಟೀವಿಯಿಂದ ಹೋಯಿತೆಂದರೆ ಆ ಜೀವಕ್ಕೆ ಉಳಿಯುವುದೇನು? ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ವಾರಗಳು ಜಾರಿದವು. ಸಾವಿನ ದೃಶ್ಯ ಮುಗಿದ ಕೂಡಲೇ ಸೆಟ್ಟಿನ ವಾಡಿಕೆಯಂತೆ ಅವಳನ್ನು ಎಬ್ಬಿಸಿ, ಅಪಶಕುನ ತಟ್ಟದಿರಲೆಂದು ನಗುವ ಫೋಟೊ ತೆಗೆಯಲು ನಿಲ್ಲಿಸಿದರು. ನಗು ಬರಲೇ ಇಲ್ಲ.

ಅವಳು ಬರೆದ ಆ ಮೊದಲ ಕಂತು ಪ್ರಸಾರವಾದ ಸಂಜೆ ಮನೆ ಮಾಲೀಕರಾದ ಶೈಲಜಮ್ಮನವರ ಹಾಲಿನಲ್ಲಿ ವಠಾರದವರೆಲ್ಲ ಸೇರಿದ್ದರು. ಟೀವಿ ಇದ್ದದ್ದು ಅವರೊಬ್ಬರ ಮನೆಯಲ್ಲೇ. ಮುಂದಿನ ಸಾಲಿನಲ್ಲಿ ಹನುಮಕ್ಕ; ಆ ಜಾಗ ಅವಳದೇ. ಕೋಕಿಲಾ ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟಿದಳು, ಬಿಟ್ಟಳು, ಮತ್ತೆ ಮೆಟ್ಟಿದಳು. ಅಷ್ಟರಲ್ಲಿ ಟೀವಿಯಲ್ಲಿ ಸುಮತಿಯ ಫೋಟೊಗೆ ಹಾರ ಬಿತ್ತು.

ಹನುಮಕ್ಕ ಎದ್ದೇ ನಿಂತಳು. “ಬದ್ಕಿರೋ ಮಗೀಗೆ ಹಾರ ಹಾಕ್ಬಿಟ್ರಲ್ಲೋ! ಇದನ್ನ ಬರ್ದೋನ ಕೈ ಸೇದೋಗ!”

ಕಂತು ಮುಗಿದು ಹೆಸರುಗಳು ಬಂದವು. ಶೈಲಜಮ್ಮ ಎಂದಿನಂತೆ ಗಟ್ಟಿಯಾಗಿ ಓದಿದರು: “ಚಿತ್ರಕಥೆ, ಸಂಭಾಷಣೆ... ಕೋಕಿಲಾ! ನಮ್ ಕೋಕಿಲಾನೇ?”

ಎಲ್ಲರೂ ಬಾಗಿಲಿನ ಕಡೆ ತಿರುಗಿದರು.

“ನಾನೇ ಕಣಮ್ಮ ಬರ್ದಿದ್ದು,” ಎಂದಳು ಕೋಕಿಲಾ. “ಇನ್ಮೇಲೆ ಮುಖ ಬರಲ್ಲ. ಹೆಸ್ರು ಮಾತ್ರ ಬರತ್ತೆ.”

ಹನುಮಕ್ಕ ಅವಳನ್ನು ದಾಟಿಕೊಂಡು ಮನೆಗೆ ನಡೆದಳು. ಆಯಿತು, ಇನ್ನು ಅಮ್ಮ ಮಾತೇ ಆಡುವುದಿಲ್ಲ ಎಂದುಕೊಂಡಳು ಕೋಕಿಲಾ. ಹಿಂದೆಯೇ ಓಡಿ ಬಂದರೆ ಅಮ್ಮ ಇದ್ದಿಲ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೆಂಡ ಕೆದಕುತ್ತಿದ್ದಳು. ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಸತ್ತವಳ ಪಾತ್ರ ಮಾಡಿದ ಮುಖಕ್ಕೆ ದೃಷ್ಟಿ ತೆಗೆಯಲಿದ್ದಾಳೆ ಎಂದುಕೊಂಡು ಕೋಕಿಲಾ ಎದುರು ಕೂತು ಮುಖ ಮುಂದೆ ಮಾಡಿದಳು.

“ಮುಖಕ್ಕಲ್ಲ ಕಣೇ,” ಎಂದಳು ಹನುಮಕ್ಕ. “ನನ್ ನಾಲಿಗೆ ಸುಟ್ಟೋಗ, ಏನಂದ್ಬಿಟ್ಟೆ ನಾನು. ಕೈ ಕೊಡು. ಬರೆಯೋ ಕೈ.”

ಮಗಳ ಬಲಗೈಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಉಪ್ಪು ಚಟಪಟ ಸಿಡಿಯಿತು. ಅದು ಪೂರ್ತಿ ಸಿಡಿದು ಮುಗಿಯುವವರೆಗೂ ಕೋಕಿಲಾ ಕೂತಲ್ಲಿಂದ ಅಲುಗಲಿಲ್ಲ.