ಗುಡ್ಡ ಹತ್ತಿದ ಮೇಲೆ ಸ್ವಲ್ಪ ಹೊತ್ತು

ನಲ್ಲಿ ಯಾಕೆ ತೊಟ್ಟಿಕ್ಕುತ್ತದೆ ಎಂದು ನೋಡಲು ಹೋಗಿ ನಡುಮನೆಗೆ ನೀರು ನುಗ್ಗಿಸಿದ ದಿನ ಅಕ್ಕ ತಮ್ಮನಿಗೆ 'ಇಣುಕ' ಎಂದು ಹೆಸರಿಟ್ಟಳು. ಆಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿ ಬಿಚ್ಚಿ ಕೈ ಪಳಗಿ, ತಲೆ ನೆರೆತ ಮೇಲೂ ಆ ಹೆಸರು ಅವನನ್ನು ಬಿಡಲಿಲ್ಲ. ಬಿಡುವ ಹಾಗೆ ಅವನೂ ನಡೆದುಕೊಳ್ಳಲಿಲ್ಲ. ಮುಚ್ಚಿದ್ದು ಏನೇ ಕಂಡರೂ ಒಳಗೇನಿದೆ ಎಂದು ನೋಡದೆ ನಮ್ಮ ಇಣುಕನಿಗೆ ಉಂಡದ್ದು ಅರಗುತ್ತಿರಲಿಲ್ಲ.

ಅಕ್ಕ ನರ್ಸ್. ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವುದು ಅವಳ ಕೆಲಸ. ತನ್ನ ಸಣ್ಣ ಬಿಳಿ ಕಾರಿನ ಹಿಂದಿನ ಸೀಟು ತೆಗೆಸಿ, ಅಲ್ಲಿ ಆಮ್ಲಜನಕದ ಸಿಲಿಂಡರುಗಳನ್ನು ಬೆಲ್ಟು ಬಿಗಿದು ಮಲಗಿಸಿರುತ್ತಿದ್ದಳು. ಊರೊಳಗೆ ಕಾರು ತನ್ನ ಪಾಡಿಗೆ ಓಡುತ್ತಿತ್ತು. ಗುಡ್ಡದ ಮೇಲಿನ ಮನೆಗಳಿಗೆ ಹೊರಟರೆ ಮಾತ್ರ ಅರ್ಧ ದಾರಿಯಲ್ಲೇ ಏದುಸಿರು. ಮೊದಲ ಗೇರಿನಲ್ಲಿ ತೆವಳಬೇಕು, ಹಿಂದಿನ ಲಾರಿಯವನ ಹಾರ್ನ್ ಕೇಳಬೇಕು. ತುದಿಯ ಮನೆಯಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದು ನಿವೃತ್ತರಾದ ತಾತ, ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಹೊಸ ಸಿಲಿಂಡರಿಗಾಗಿ ಕಾಯುತ್ತಿರುತ್ತಿದ್ದರು.

"ಅಕ್ಕಾ, ನಿನ್ನ ಕಾರಿಗೆ ಟರ್ಬೊ ಹಾಕಿದ್ರೆ ಹೇಗಿರುತ್ತೆ?" ಎಂದ ಇಣುಕ ಒಂದು ದಿನ. ಗುಜರಿಗೆ ಬಂದ ಕಾರಿನಿಂದ ಬಿಚ್ಚಿದ ಟರ್ಬೊ ಅವನ ಕೈಯಲ್ಲೇ ಇತ್ತು, ದಪ್ಪ ಬಸವನಹುಳುವಿನ ಚಿಪ್ಪಿನಂತೆ. ಬಾಯಿಂದ ಊದಿ ಒಳಗಿನ ಪುಟ್ಟ ಚಕ್ರ ತಿರುಗಿಸಿ ತೋರಿಸಿದ. "ಇಂಜಿನ್ ಹೊಗೆ ಸುಮ್ನೆ ಹೊರಗೆ ಹೋಗುತ್ತಲ್ಲ, ಅದು ಈ ಚಕ್ರ ತಿರುಗಿಸುತ್ತೆ. ಆ ಕಡೆ ಇರೋ ಚಕ್ರ ಇಂಜಿನ್ ಒಳಕ್ಕೆ ಗಾಳಿ ಒತ್ತಿ ತುಂಬುತ್ತೆ. ಪುಕ್ಕಟೆ ಉಸಿರು ಕಣೇ!"

"ದಾರೀಲಿ ಕೈ ಕೊಡಲ್ಲ ಅಂತ ಖಾತ್ರಿನಾ?"

"ಹಾಕಿ ನೋಡಿ ಹೇಳ್ತೀನಿ."

"ನಿನ್ನ ಇಣುಕಾಟಕ್ಕೆ ನನ್ನ ಕಾರೇ ಬೇಕಿತ್ತಾ?" ಎಂದು ಬೈಯುತ್ತಲೇ ಅವಳು ಕೀಲಿ ಕೊಟ್ಟಳು.

ಗ್ಯಾರೇಜಿನ ಯಜಮಾನರಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. "ಲೇ, ತಾನೇ ಎಳ್ಕೊಂಡಷ್ಟು ಗಾಳೀಲಿ ಬದುಕಿದ್ದ ಇಂಜಿನ್ ಇದು. ಮೂಗಿಗೆ ಪಂಪಿಟ್ಟು ಊದಿದ್ರೆ ಎಷ್ಟು ದಿನ ತಡೆಯುತ್ತೆ?"

"ನನಗೂ ಅದೇ ಗೊತ್ತಾಗ್ಬೇಕು ಸಾರ್."

ಎಣ್ಣೆ ಬರಲೊಂದು ಪೈಪು, ಹೋಗಲೊಂದು ಪೈಪು ಎಳೆದ. ಗಾಳಿ ಹೆಚ್ಚಾದ ಮೇಲೆ ಪೆಟ್ರೋಲೂ ಹೆಚ್ಚು ಬೇಕಲ್ಲ, ಅದಕ್ಕೂ ದಾರಿ ಮಾಡಿದ. ತಂಪು ಬೆಳಗಿನಲ್ಲಿ ಬೈಪಾಸಿನ ಮೇಲೆ ಓಡಿಸಿ ನೋಡಿದರೆ ಕಾರು ಬಾಣ. ಅಕ್ಕನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ತಾನು ಪಕ್ಕದಲ್ಲಿ ಕೂತು, ಮೊದಲ ಸಲ ಸಿಲಿಂಡರ್ ಸಮೇತ ಗುಡ್ಡಕ್ಕೆ ಹೊರಟದ್ದು ಸುಡುಬಿಸಿಲಿನಲ್ಲಿ. ಅರ್ಧ ಏರುವಷ್ಟರಲ್ಲಿ ಇಂಜಿನ್ನಿನಿಂದ ಡಬ್ಬಿಯೊಳಗೆ ಕಲ್ಲು ಹಾಕಿ ಅಲುಗಿಸಿದಂಥ ಸದ್ದು.

"ನಿಲ್ಲಿಸು!"

"ಇಲ್ಲೇನೋ? ತಾತ ಕಾಯ್ತಿದ್ದಾರೆ!"

"ನಿಲ್ಲಿಸಕ್ಕಾ, ಒಳಗೆ ಬಡೀತಿದೆ."

ದಿನಾ ಹಾರ್ನ್ ಹೊಡೆಯುತ್ತಿದ್ದ ಲಾರಿಯವನೇ ಅವತ್ತು ಸಿಲಿಂಡರನ್ನೂ ಅಕ್ಕನನ್ನೂ ತುದಿಗೆ ಮುಟ್ಟಿಸಿದ. ತಾತನ ತುಟಿ ಆಗಲೇ ನೀಲಿಗಟ್ಟುತ್ತಿತ್ತು.

ಮಾರನೆಯ ದಿನ ಅವಳು ಗ್ಯಾರೇಜಿಗೆ ಹೋದಾಗ ಇಂಜಿನ್ ಬಿಚ್ಚಿ ಹರಡಿತ್ತು. ಇಣುಕ ಒಂದು ಪಿಸ್ಟನ್ ಹಿಡಿದು ಓಡಿಬಂದ. ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. "ನೋಡಿಲ್ಲಿ! ಗಾಳಿ ಒತ್ತಡ ಜಾಸ್ತಿಯಾಗಿ, ಹೊತ್ತಿಗೆ ಮುಂಚೇನೇ ಬೆಂಕಿ ಹತ್ಕೊಂಡು ಸುತ್ತಿಗೇಲಿ ಹೊಡೆದ ಹಾಗೆ ಹೊಡೆದಿದೆ. ಇನ್ನೊಂದು ತಿರುವು ಹತ್ತಿದ್ರೆ ಪುಡಿಪುಡಿ!"

"ಅಲ್ಲೊಬ್ಬರ ಉಸಿರು ನಿಲ್ಲೋದ್ರಲ್ಲಿತ್ತು. ಇಲ್ಲಿ ನಿನಗೆ ಸಂಭ್ರಮ."

ಅವನ ಮುಖ ಇಳಿಯಿತು. ಪಿಸ್ಟನ್ ಬೆಂಚಿನ ಮೇಲಿಟ್ಟು ಮೆಲ್ಲಗೆ ಅಂದ: "ಖಾಲಿ ಕಾರು ಓಡಿಸಿ ನೋಡಿ, ತುಂಬಿದ ಕಾರು ನಿನ್ನ ಕೈಗೆ ಕೊಟ್ಟೆ."

ಆಮೇಲೆ ಅವನು ಆತುರಪಡಲಿಲ್ಲ. ಒಳಗಿನ ಗಾಳಿಯನ್ನು ಮೊದಲಿನಷ್ಟು ಬಿಗಿಯಾಗಿ ಅದುಮದಂಥ ಪಿಸ್ಟನ್‌ಗಳನ್ನು ಹುಡುಕಿ ಹಾಕಿದ. ಟರ್ಬೊ ಊದುವುದನ್ನು ಅರ್ಧಕ್ಕೆ ಇಳಿಸಿದ, ದೊಡ್ಡ ರೇಡಿಯೇಟರ್ ಕೂರಿಸಿದ. ಸಿಲಿಂಡರುಗಳ ಜಾಗದಲ್ಲಿ ಮರಳಿನ ಚೀಲ ಹೇರಿಕೊಂಡು ನಡುಮಧ್ಯಾಹ್ನವೇ ಗುಡ್ಡ ಹತ್ತಿದ, ಇಳಿದ, ಮತ್ತೆ ಹತ್ತಿದ. "ಮರಳು ಮಾರೋಕೆ ಶುರು ಮಾಡಿದ್ಯೇನಣ್ಣಾ?" ಎಂದು ಲಾರಿಯವನು ಕೂಗಿ ಕೇಳುವವರೆಗೂ ಬಿಡಲಿಲ್ಲ. ಈಗ ಕಾರು ಬಾಣವಲ್ಲ, ಆದರೆ ಎರಡನೇ ಗೇರಿನಲ್ಲಿ ಗೊಣಗದೆ ಏರುತ್ತಿತ್ತು.

"ಈಗ ಖಾತ್ರಿನಾ?" ಕೀಲಿ ಇಸಿದುಕೊಳ್ಳುತ್ತ ಅಕ್ಕ ಕೇಳಿದಳು.

"ಈಗ ಓಡುತ್ತೆ. ಖಾತ್ರಿ ಬೇಕಂದ್ರೆ ಈ ಬೇಸಿಗೆ ಕಳೀಲಿ, ಟರ್ಬೊ ಬಿಚ್ಚಿ ಒಳಗೆ ನೋಡಿ ಹೇಳ್ತೀನಿ. ಅಲ್ಲೀವರೆಗೂ ಒಂದು ಮಾತು ನಡೆಸಿಕೊಡು. ಗುಡ್ಡ ಹತ್ತಿದ ಕೂಡಲೇ ಆಫ್ ಮಾಡ್ಬೇಡ, ಸ್ವಲ್ಪ ಹೊತ್ತು ಹಾಗೇ ಬಿಡು. ಚಕ್ರ ಕೆಂಡದ ಹಾಗೆ ಕಾದಿರುತ್ತೆ. ಎಣ್ಣೆ ಓಡಾಟ ನಿಂತ್ರೆ ಅಲ್ಲೇ ಸುಟ್ಟು ಕರಿ ಹಿಡಿಯುತ್ತೆ."

ಅಂದಿನಿಂದ ತಾತನ ಬಾಗಿಲಲ್ಲಿ ಅವಳು ಇಂಜಿನ್ ಚಾಲೂ ಬಿಟ್ಟು ಕೂರತೊಡಗಿದಳು. ಕಿಟಕಿಯಿಂದ ತಾತ ಕೂಗುತ್ತಿದ್ದರು: "ಒಳಗೆ ಬಾರಮ್ಮಾ, ಕಾರಿನ ಜೊತೆ ಏನು ಗುಟ್ಟು?"

ಬೇಸಿಗೆ ಇನ್ನೂ ಮುಗಿದಿರಲಿಲ್ಲ. ಒಂದು ಬೆಳಗ್ಗೆ ಗ್ಯಾರೇಜಿನಲ್ಲಿ ಎದೆ ನೀವಿಕೊಳ್ಳುತ್ತ ಬೆಂಚಿನ ಮೇಲೆ ಕೂತ ಇಣುಕ ಮತ್ತೆ ಏಳಲಿಲ್ಲ. ಬೆರಳ ಸಂದಿಯ ಗ್ರೀಸನ್ನು ಅಕ್ಕನೇ ಸೀಮೆಎಣ್ಣೆಯಲ್ಲಿ ಒರೆಸಿದಳು. ಪೂರ್ತಿ ಹೋಗಲಿಲ್ಲ.

ಮಳೆ ಶುರುವಾದ ಮೇಲೆ ಅವಳು ಕಾರು ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದಳು. ಯಜಮಾನರು ಕಣ್ಣು ತಪ್ಪಿಸಿ ಹೇಳಿದರು: "ಟರ್ಬೊ ತೆಗೆದು ಮೊದಲಿನ ಹಾಗೆ ಮಾಡಿಕೊಡ್ತೀನಮ್ಮ. ಅವನಿಲ್ಲದೆ ಇದನ್ನ ನೋಡ್ಕೊಳ್ಳೋರು ಯಾರು?"

"ಮೊದಲು ಬಿಚ್ಚಿ ಸಾರ್. ಒಳಗೆ ಹೇಗಿದೆ ಅಂತ ನೋಡ್ಬೇಕು."

ಗ್ಯಾರೇಜಿನ ಕೆಲಸವೆಲ್ಲ ನಿಂತಿತು. ಎಲ್ಲರೂ ಸುತ್ತ ನೆರೆದರು. ಯಜಮಾನರು ಚಕ್ರ ಹಿಡಿದು ಆಚೀಚೆ ಅಲುಗಿಸಿ ನೋಡಿದರು, ಸಡಿಲವಾಗಿರಲಿಲ್ಲ. ಎಣ್ಣೆ ಪೈಪಿನೊಳಗೆ ಟಾರ್ಚ್ ಬಿಟ್ಟು ಬಹಳ ಹೊತ್ತು ಕಣ್ಣಿಟ್ಟರು. ಪೈಪಿನ ಸಂದಿ ಮುಚ್ಚುವ ಒಂದು ಗ್ಯಾಸ್ಕೆಟ್ ಬದಿಯಲ್ಲಿ ಎಣ್ಣೆ ಜಿನುಗಿತ್ತು, ಅಷ್ಟೇ.

"ಕರಿ ಹಿಡಿದಿಲ್ಲ," ಎಂದರು.

"ಅಂದ್ರೆ?"

"ಅಂದ್ರೆ ನೀವು ಅವನ ಮಾತು ನಡೆಸಿದ್ದೀರಿ."

ಅವಳು ಟಾರ್ಚ್ ಇಸಿದುಕೊಂಡು ತಾನೂ ನೋಡಿದಳು. ಒದ್ದೆ ಲೋಹ ಮಿನುಗುತ್ತಿತ್ತು. ಇದನ್ನು ನೋಡಲು ಅವನು ಎಷ್ಟು ಕಾದಿದ್ದನೋ. "ಹಾಗಾದ್ರೆ ಖಾತ್ರಿನಾ?"

"ಮುಂದಿನ ಬೇಸಿಗೆವರೆಗೆ ಓಡುತ್ತೆ. ಆಮೇಲೆ ಮತ್ತೆ ಬಿಚ್ಚಿ ನೋಡಿ ಹೇಳ್ತೀನಿ," ಎಂದುಬಿಟ್ಟರು ಯಜಮಾನರು. ಅದು ಯಾರ ಮಾತು ಎಂದು ಇಬ್ಬರಿಗೂ ಹೊಳೆಯಿತು.

"ತೆಗೆಯೋದು ಬೇಡ ಸಾರ್. ಗ್ಯಾಸ್ಕೆಟ್ ಮಾತ್ರ ಹೊಸದು ಹಾಕಿ."

ಮಾರನೆಯ ದಿನ ಅವಳು ಗುಡ್ಡ ಹತ್ತಿ, ಸ್ವಲ್ಪ ಹೊತ್ತು ಕೂತು, ಇಂಜಿನ್ ನಿಲ್ಲಿಸಿದಳು. ಒಳಗೆ ಚಕ್ರ ಇನ್ನೂ ತಿರುಗುತ್ತಿರಬಹುದೇ ಎನ್ನಿಸಿತು. ಇಷ್ಟು ದಿನ ಹಾಗೆ ಅನ್ನಿಸಿರಲಿಲ್ಲ. ಕೆಳಗಿಳಿದು ಬಾನೆಟ್ಟಿನ ಬಳಿ ಕಿವಿಯಿಟ್ಟಳು. ತೀರಾ ಸಣ್ಣದಾಗಿ ಸುಯ್ ಎನ್ನುವ ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. ಬಾನೆಟ್ ಎತ್ತಿದಳು.

"ಏನಮ್ಮಾ ಅದು," ಕಿಟಕಿಯಿಂದ ತಾತ ಕೂಗಿದರು, "ಬಗ್ಗಿಕೊಂಡು ಏನು ಇಣುಕ್ತಿದ್ದೀಯಾ?"