ಬೆರಳಿನ ಓದು

ಅವರ ಬಲಗೈ ತೋರುಬೆರಳಿನ ತುದಿ ಸದಾ ಬೆಳ್ಳಗಿರುತ್ತಿತ್ತು. ಉಗುರಿನ ಸಂದಿಯಲ್ಲಿ ಕೂತ ಖಡುವಿನ, ಅಂದರೆ ಸೀಮೆಸುಣ್ಣದ, ಪುಡಿ ರೊಟ್ಟಿ ಮುರಿಯುವಾಗಲೂ ಕಾಣುತ್ತಿತ್ತು. ಅಣ್ಣಿಗೇರಿ ಬಾಜೂಕಿನ ನಮ್ಮೂರ ಕನ್ನಡ ಶಾಲೆಯ ಹೆಡ್‌ಮಾಸ್ತರು ಅವರು; ನನಗೆ ಅಕ್ಷರ ಕಲಿಸಿದವರು. ಪಾಟಿಯ ಮೇಲೆ ತಾವು ಬರೆದು, ನಮ್ಮ ಬೆರಳು ಹಿಡಿದು ಅದರ ಮೇಲೇ ಹತ್ತು ಸಲ ತಿದ್ದಿಸುತ್ತಿದ್ದರು. "ಕಣ್ಣ ಮರೀಬೋದು, ಬೆರಳ ಮರಿಯಂಗಿಲ್ಲ" ಅನ್ನುವುದು ಅವರ ಮಾತು.

ಎಪ್ಪತ್ತರ ದಶಕದ ನಡುವೆ ನಾನು ಅದೇ ಶಾಲೆಗೆ ಶಿಕ್ಷಕಿಯಾಗಿ ಬಂದೆ. ಅಂದಿನಿಂದ ಮಾಸ್ತರು ಮಕ್ಕಳೆದುರು ನನ್ನನ್ನು "ಅಕ್ಕಾವ್ರ" ಎಂದೇ ಕರೆದರು. ಬೇಡ ಅಂದರೂ ಕೇಳಲಿಲ್ಲ. ಆ ಗೌರವ ನನ್ನ ನೆತ್ತಿಗೇರಿತು, ಸುಳ್ಳೇಕೆ ಹೇಳಲಿ.

ಒಂದು ಶ್ರಾವಣದಲ್ಲಿ ಮಾಸ್ತರು ತಲೆ ತಿರುಗಿ ಬಿದ್ದು, ನಾಲ್ಕು ದಿನ ಮಲಗಿ ಎದ್ದು ಬಂದರು. ಮಾತು, ನಡಿಗೆ ಎಲ್ಲ ಮೊದಲಿನಂತೆಯೇ. ಅದೇ ವಾರ ಕುರಿ ಕಾಯುವವರ ಮಗಳೊಬ್ಬಳನ್ನು ಶಾಲೆಗೆ ಸೇರಿಸಿಕೊಂಡು, ಹಾಜರಿ ಪುಸ್ತಕದಲ್ಲಿ ಅವಳ ಹೆಸರನ್ನು ತಾವೇ ದುಂಡಗೆ ಬರೆದರು. ಆದರೆ ಹಾಜರಿ ಕರೆಯುವಾಗ ಅವಳ ಹೆಸರು ಬರಲೇ ಇಲ್ಲ. ಊರು ಬಿಟ್ಟು ಹೋಗಿದ್ದ ಹುಡುಗನೊಬ್ಬನ ಹೆಸರನ್ನಾದರೆ ದಿನಾ ಕರೆಯುತ್ತಿದ್ದರು. ಮೂರನೆಯ ದಿನ ಹುಡುಗಿ ನನ್ನ ಸೆರಗು ಹಿಡಿದು ಅತ್ತಳು.

ನನಗೆ ಸಿಟ್ಟು ಒದ್ದುಕೊಂಡು ಬಂತು. ಮಕ್ಕಳೆದುರೇ ಹಾಜರಿ ಪುಸ್ತಕ ಅವರ ಮುಂದೆ ಹಿಡಿದು, ನೀವೇ ಬರೆದ ಹೆಸರು, ಓದಿರಿ ಎಂದೆ. ಅವರು ಬಹಳ ಹೊತ್ತು ನೋಡಿದರು.

"ಕಾಣ್ತದ್ರಿ ಅಕ್ಕಾವ್ರ. ಓದಾಕ ಬರವಲ್ದು."

"ಬರಿಯಾಕ ಬರ್ತದ, ಓದಾಕ ಬರಂಗಿಲ್ಲೇನ್ರಿ? ಕುರಿ ಕಾಯೋರ ಮಗಳ ಹೆಸರು ಬಾಯಾಗ ಬರವಲ್ದು ಅನ್ರಿ."

ಮಕ್ಕಳು ನಕ್ಕವು. ನಾನೂ ನಕ್ಕೆ. ಅದು ನೆನಪಾದರೆ ಇವತ್ತಿಗೂ ನಾಚಿಕೆಯಿಂದ ಹಿಡಿಯಾಗುತ್ತೇನೆ. ಅವರು ಪುಸ್ತಕ ಮುಚ್ಚಿಟ್ಟು ಮನೆಗೆ ನಡೆದರು. ಮರಳಿ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಹೇಳಿದ್ದನ್ನು ಆಮೇಲೆ ಅವರ ಹೆಂಡತಿಯಿಂದ ಕೇಳಿದೆ. ಮೆದುಳಿನ ಒಂದು ಸಣ್ಣ ನರದಲ್ಲಿ ರಕ್ತ ಕಟ್ಟಿತ್ತಂತೆ. ಕಣ್ಣು ಕಂಡ ಅಕ್ಷರ, ಅದನ್ನು ಗುರುತು ಹಿಡಿಯುವ ಜಾಗಕ್ಕೆ ಮುಟ್ಟುತ್ತಿರಲಿಲ್ಲ. ಕೈ ಬರೆಯುವ ದಾರಿ ಬೇರೆ, ಅದು ಉಳಿದಿತ್ತು. ಅಷ್ಟೂ ದಿನ ಹಾಜರಿಯನ್ನು ಹಳೆಯ ನೆನಪಿನಿಂದಲೇ ಕರೆದಿದ್ದರು.

ತಪ್ಪಾಯಿತು ಎನ್ನಲು ಅವರ ಮನೆಗೆ ಹೋದೆ. ಅವರೇ ಅಂಗೈ ಚಾಚಿ, ಇದರ ಮೇಲೆ ಬೆರಳಿನಿಂದ ಬರೆದರೆ ತಿಳಿಯುತ್ತದೆ, ಬರೆದು ನೋಡು ಎಂದರು. 'ತಪ್ಪಾತ್ರಿ' ಎಂದು ಬರೆಯಲು ಬೆರಳು ಇಟ್ಟೆ. ಬರೆದದ್ದು 'ಆರಾಮ' ಎಂದು. ಅವರು ಕಣ್ಣು ಮುಚ್ಚಿ, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಮುಖ ಅರಳಿತು.

"ಓದಿದೆ ನೋಡು ತಂಗಿ. ಇನ್ನೊಂದು ಬರಿ."

ಶಾಲೆಯ ಗಂಟೆಗೆ ಹೊತ್ತಾಯಿತು ಎಂದು ನೆಪ ಹೇಳಿ ಎದ್ದುಬಂದೆ. ದೀಪಾವಳಿಗೆ ಮೊದಲೇ ಅವರು ತೀರಿಕೊಂಡರು. ಮಣ್ಣಿಗೆ ಹೋದಾಗ ಆ ಕೈ ನೋಡಿದೆ, ಉಗುರಿನ ಸಂದಿ ಸ್ವಚ್ಛವಾಗಿತ್ತು. ನಾನು ಬರೆಯಬೇಕಾಗಿದ್ದದ್ದು ಆ ಇನ್ನೊಂದನ್ನೇ.