ಬಚ್ಚಲ ದಾರಿಯ ಬಲ್ಬು

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಓದುವವರು ಕಂಡುಹಿಡಿದು ನಗುವುದು ಬೇಡ. ಜಿರಳೆಗೆ ಹೆದರುತ್ತೇನೆ, ಗುಡುಗಿಗೆ ಹೆದರುತ್ತೇನೆ, ಕೂಳೂರು ಸೇತುವೆಯ ಮೇಲೆ ಬಸ್ಸು ನಿಂತರೆ ಕಣ್ಣು ಮುಚ್ಚಿ ಕೂರುತ್ತೇನೆ. ಇಂಥವಳಿಗೆ ದೇವರು ಗಂಟು ಹಾಕಿದ್ದು ಕತ್ತಲೆಯೇ ಬೇಕು ಎನ್ನುವ ಗಂಡನನ್ನು.

ಬಿಜೈಯಲ್ಲಿ ನಮ್ಮದು ಹಳೆಯ ಹಂಚಿನ ಮನೆ. ಬಚ್ಚಲು, ಪಾಯಿಖಾನೆ ಎರಡೂ ಹಿತ್ತಲಲ್ಲಿ. ಅಡುಗೆಮನೆಯ ಹಿಂಬಾಗಿಲಿನಿಂದ ಅಲ್ಲಿಯವರೆಗೆ ಮುರಕಲ್ಲು ಹಾಸಿದ ದಾರಿ. ಅದರ ಪಕ್ಕದಲ್ಲಿ ಬಚ್ಚಲೊಲೆಗೆಂದು ಒಟ್ಟಿದ ತೆಂಗಿನ ಮಡಲಿನ ರಾಶಿ. ಹಿಂಬಾಗಿಲ ಮೇಲೆ ಒಂದು ಬಲ್ಬು. ಪಕ್ಕದ ಮನೆಯ ದನ ಕನ್ನಡಿ ಹಾವು, ಅದೇ ಕೊಳಕುಮಂಡಲ, ಕಚ್ಚಿ ಸತ್ತ ಮಳೆಗಾಲದಲ್ಲಿ ನಾನು ಹಠ ಹಿಡಿದು ಹಾಕಿಸಿದ ಬಲ್ಬು ಅದು. ದನ ಸಾಯುವ ಮೊದಲು ಹಾಕಿದ ಸದ್ದು ನನ್ನ ಕಿವಿಯಿಂದ ಹೋಗಿರಲಿಲ್ಲ. ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ, ಗಳಿಗೆಗೊಮ್ಮೆ ಬಚ್ಚಲಿಗೆ ಹೋಗಬೇಕು. ಕಣ್ಣೂ ಮಂಜಾಗಿತ್ತು. ಆ ಬಲ್ಬು ಉರಿಯುತ್ತಿದ್ದರೆ ಮಾತ್ರ ನನ್ನ ಎದೆ ಹೊಡೆದುಕೊಳ್ಳುವುದು ನಿಲ್ಲುತ್ತಿತ್ತು.

ನನ್ನ ಗಂಡನಿಗೆ ಹಗಲಿಡೀ ಹಂಚಿನ ಕಾರ್ಖಾನೆಯ ಆಫೀಸು, ಸಂಜೆಯಾದರೆ ಆಕಾಶ. ಎರಡು ಹಲಗೆಗಳನ್ನು ಬಾಗಿಲಿನ ಬಿಜಾಗರಿಯಿಂದ ಜೋಡಿಸಿ, ನಡುವೆ ಒಂದು ಉದ್ದದ ಸ್ಕ್ರೂ ಕೊಟ್ಟು, ಮೇಲಿನ ಹಲಗೆಗೆ ಕ್ಯಾಮೆರಾ ಕೂರಿಸಿದ್ದರು. ನಕ್ಷತ್ರ ಸರಿದ ಹಾಗೆ ಇವರು ಸ್ಕ್ರೂವನ್ನು ಮೆಲ್ಲಗೆ ತಿರುಗಿಸಬೇಕು, ಆಗ ಹಲಗೆಯೂ ಕ್ಯಾಮೆರಾವೂ ಅದರ ಹಿಂದೆ ಹೋಗುತ್ತವೆ. ಶಟರು ತೆರೆದಾಗ "ತೆಗೆದೆ" ಎಂದು ಕೂಗುತ್ತಿದ್ದರು, ಮುಗಿದಾಗ "ಮುಚ್ಚಿದೆ". ಈ ಎರಡು ಮಾತುಗಳ ನಡುವೆ ಹಿತ್ತಲಲ್ಲಿ ದೀಪ ಉರಿಯಬಾರದು, ಯಾರೂ ದಡಬಡ ನಡೆಯಬಾರದು. ಒಮ್ಮೆ ನಾನು ಮರೆತು ಸ್ವಿಚ್ಚು ಒತ್ತಿದ್ದಕ್ಕೆ ಎರಡು ದಿನ ನನ್ನೊಡನೆ ಮಾತಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಇಲಿ ನಾನು.

ಎಂಬತ್ತೈದರ ಕೊನೆಗೆ, ಮನುಷ್ಯನ ಆಯುಷ್ಯದಲ್ಲಿ ಒಮ್ಮೆ ಮಾತ್ರ ಬರುವ ಆ ಧೂಮಕೇತು ಬಂತು. ಅಷ್ಟರಲ್ಲಿ ನಮ್ಮ ರಸ್ತೆಗೆ ಮರ್ಕ್ಯುರಿ ದೀಪಗಳೂ ಬಂದಿದ್ದವು. ಇವರು ತೆಗೆದ ಫೋಟೋಗಳೆಲ್ಲ ನೀರು ಬೆರೆಸಿದ ಹಾಲಿನ ಹಾಗೆ ಬೆಳ್ಳಗೆ ಬಂದವು. ಬೀದಿ ದೀಪದ ಬೆಳಕನ್ನು ತಡೆದು ಆಕಾಶದ ಬೆಳಕನ್ನು ಒಳಗೆ ಬಿಡುವ ಫಿಲ್ಟರ್ ಪರದೇಶದಲ್ಲಿ ಸಿಗುತ್ತದೆ ಎಂದು ಯಾವುದೋ ಪತ್ರಿಕೆಯಲ್ಲಿ ಓದಿ ನಿಟ್ಟುಸಿರು ಬಿಟ್ಟರು. ನನಗೆ ಒಮ್ಮೆಲೇ ಆಸೆ ಹುಟ್ಟಿತು. ಬೀದಿಯ ದೀಪವನ್ನೇ ತಡೆಯುವ ಗಾಜಿಗೆ ನನ್ನ ಬಡಪಾಯಿ ಬಲ್ಬು ಯಾವ ಲೆಕ್ಕ? ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ನನ್ನ ತಮ್ಮನಿಗೆ ಗುಟ್ಟಾಗಿ ಹೇಳಿ ತರಿಸಿದೆ.

ಬಳೆಯಷ್ಟು ಅಗಲದ ಗಾಜು. ಒಂದು ಓರೆಯಲ್ಲಿ ನೋಡಿದರೆ ನೇರಳೆ, ಇನ್ನೊಂದು ಓರೆಯಲ್ಲಿ ಹಸಿರು. ಇವರು ಅದನ್ನು ಕ್ಯಾಮೆರಾದ ಮುಂದೆ ತಿರುಪಿ ಕೂರಿಸುವಾಗ ಮಗುವಿನ ಹಾಗೆ ನಗುತ್ತಿದ್ದರು.

"ಇನ್ನು ನನ್ನ ಬಲ್ಬು ಉರಿಯಬಹುದಲ್ಲ?" ಎಂದೆ.

"ಅದು ಹಾಗಲ್ಲ ಮಾರಾಯ್ತಿ. ಮರ್ಕ್ಯುರಿ ದೀಪದ್ದು ಕೆಲವೇ ಬಣ್ಣ, ತಡೀಲಿಕ್ಕೆ ಆಗ್ತದೆ. ನಿನ್ನ ಬಲ್ಬಿನಲ್ಲಿ ಎಲ್ಲಾ ಬಣ್ಣವೂ ಉಂಟು. ಅದನ್ನು ತಡೆದ್ರೆ ನಕ್ಷತ್ರವನ್ನೂ ತಡೆದ ಹಾಗೆ."

"ಹಾಗಾದ್ರೆ ಹಿತ್ತಲಿಗೂ ಒಂದು ಮರ್ಕ್ಯುರಿ ಹಾಕಿಸಿ."

ಇವರು ಬಿದ್ದು ಬಿದ್ದು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಮೇಲಿಂದ ಇನ್ನೊಂದು ಹೊಡೆತ: ಫಿಲ್ಟರ್ ಬೆಳಕನ್ನು ಕಡಿಮೆ ಮಾಡುವುದರಿಂದ ಶಟರನ್ನು ಇನ್ನೂ ಹೆಚ್ಚು ಹೊತ್ತು ತೆರೆದಿಡಬೇಕಂತೆ. ಬೆಳಕಿಗಾಗಿ ತರಿಸಿದ ಗಾಜು ನಮ್ಮ ಹಿತ್ತಲ ಕತ್ತಲೆಯನ್ನೇ ಉದ್ದ ಮಾಡಿತು. ಅಂದಿನಿಂದ ಇವರು "ತೆಗೆದೆ" ಎನ್ನುವ ಮೊದಲೇ ಅತ್ತೆಯನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ತಂದು ಮಂಚದ ಮೇಲೆ ಕೂರಿಸಿಬಿಡುತ್ತಿದ್ದೆ.

ಜನವರಿಯ ಆ ಸಂಜೆ ಧೂಮಕೇತು ಪಡುವಣದಲ್ಲಿ ತೀರಾ ಕೆಳಗಿಳಿದಿತ್ತು. "ಇವತ್ತು ಸಿಕ್ಕಿದ್ರೆ ಸಿಕ್ಕಿತು, ನಾಳೆಯಿಂದ ಸೂರ್ಯನ ಬೆಳಕಲ್ಲಿ ಮುಳುಗ್ತದೆ" ಎಂದು ಇವರು ಬಾವಿಯ ಆಚೆ, ಕಂಪೌಂಡಿನ ಮೂಲೆಗೆ ಹೋದರು. ನಾನು ಅತ್ತೆಯನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಬಂದು, ಮುಂಬಾಗಿಲಿಗೆ ಬಂದ ಮೀನಿನವಳ ಹತ್ತಿರ ಉಳಿದ ಬೂತಾಯಿ ತೆಗೆದುಕೊಳ್ಳುತ್ತಿದ್ದೆ. ಹಿಂದಿನಿಂದ "ತೆಗೆದೆ" ಕೇಳಿತು. ಒಳಗೆ ಬಂದು ನೋಡಿದರೆ ಮಂಚ ಖಾಲಿ.

ದೇವರ ಕೋಣೆಯಲ್ಲಿಲ್ಲ. ಪಡಸಾಲೆಯಲ್ಲಿಲ್ಲ. "ಮಾಮೀ" ಎಂದು ಅತ್ತೆಯನ್ನು ಮೆಲ್ಲಗೆ ಕರೆದೆ. ಉತ್ತರವಿಲ್ಲ. ಹಿಂಬಾಗಿಲಿಗೆ ಬಂದೆ. ಅದು ತೆರೆದಿತ್ತು. ಹೊರಗೆ ಕಪ್ಪು ಬಿಟ್ಟರೆ ಬೇರೇನೂ ಕಾಣಲಿಲ್ಲ. ಆಗ ಕೇಳಿಸಿತು, ಕುಕ್ಕರ್ ಸೀಟಿ ಹಾಕುವ ಮೊದಲು ಬುಸುಗುಟ್ಟುತ್ತದಲ್ಲ, ಆ ಸದ್ದು. ನಮ್ಮ ಒಲೆಯ ಮೇಲೆ ಕುಕ್ಕರ್ ಇರಲಿಲ್ಲ.

ಕೈ ಸ್ವಿಚ್ಚಿನ ಮೇಲಿತ್ತು, ಬೆರಳು ಕೇಳುತ್ತಿರಲಿಲ್ಲ. ನನ್ನ ನೆರಳನ್ನು ಕಂಡರೋ ಏನೋ, ಇವರು ಮೂಲೆಯಿಂದ, "ಲೈಟ್ ಹಾಕ್ಬೇಡ! ಇನ್ನು ಸ್ವಲ್ಪವೇ ಉಂಟು!" ಎಂದರು. ಗಂಡನ ಸಿಟ್ಟಿಗೆ ಹೆದರುವುದೋ, ಆ ಸದ್ದಿಗೆ ಹೆದರುವುದೋ ತಿಳಿಯದೆ ನಿಂತೆ. ಮತ್ತೆ ಬುಸ್ ಎಂದಿತು. ನಾನು ಕಣ್ಣು ಮುಚ್ಚಿ ಸ್ವಿಚ್ಚು ಒತ್ತಿದೆ.

ಅತ್ತೆ ಬಚ್ಚಲ ಹೊಸ್ತಿಲಲ್ಲಿ ಗೋಡೆಗೆ ಒರಗಿ ನಿಂತಿದ್ದರು. ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಅವರ ಪಾದದಿಂದ ಒಂದು ಗೇಣು ಈಚೆ, ಮುರಕಲ್ಲಿನ ಮೇಲೆ, ಕನ್ನಡಿ ಹಾವು ಸುರುಳಿ ಸುತ್ತಿ ತಲೆ ಎತ್ತಿತ್ತು.

"ಯಾರದು ಲೈಟ್..." ಎಂದು ಸಿಟ್ಟಿನಿಂದ ಬಂದ ಇವರು ಬಾವಿಕಟ್ಟೆಯ ಹತ್ತಿರ ಕಲ್ಲಾಗಿ ನಿಂತರು. "ಅಮ್ಮ, ಅಲುಗಾಡ್ಬೇಡಿ" ಎಂದದ್ದು ನನಗೆ ಕೇಳಿಸಿದ್ದೇ ಹೆಚ್ಚು. ಮೂವರೂ ಹಾಗೆಯೇ ನಿಂತೆವು. ಎಷ್ಟು ಹೊತ್ತೋ ಗೊತ್ತಿಲ್ಲ. ನಾನು ನೆನಪಿದ್ದ ದೈವ ದೇವರುಗಳಿಗೆಲ್ಲ ಹರಕೆ ಹೇಳಿಕೊಂಡೆ. ಕೊನೆಗೆ ಅದು ತಲೆ ಇಳಿಸಿತು, ಅವಸರವಿಲ್ಲದೆ ಸುರುಳಿ ಬಿಚ್ಚಿತು, ಮಡಲಿನ ರಾಶಿಯೊಳಗೆ ಸೇರಿಕೊಂಡಿತು.

ಇವರು ಓಡಿ ಹೋಗಿ ತಾಯಿಯನ್ನು ಎತ್ತಿಕೊಂಡೇ ಅಡುಗೆಮನೆಗೆ ತಂದರು. ನೆಲದಲ್ಲಿ ಕುಳಿತು ಎರಡೂ ಪಾದಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಚ್ಚಿದ ಗುರುತಿರಲಿಲ್ಲ.

"ಒಂದು ಸಲ ಕೂಗ್ಬಾರ್ದಾ ಅಮ್ಮ?" ಎಂದರು ಇವರು. "ನಾನು ಅಲ್ಲೇ ಇದ್ದೆನಲ್ಲ!"

"ಪುನಃ ಬಚ್ಚಲಿಗೆ ಹೋಗಿದ್ದೆ. ನಾನು ಒಳಗಿರುವಾಗಲೇ ನೀನು ಬಂದು ಲೈಟ್ ಆರಿಸಿ ಹೋದಿ. ಆಮೇಲೆ 'ತೆಗೆದೆ' ಅಂದಿ. ಹೊರಗೆ ಕಾಲಿಡುವಾಗ ಹುಳದ ಸದ್ದು ಕೇಳಿತು." ಸಂಜೆಯ ಮೇಲೆ ಅವರು ಹಾವು ಎನ್ನುತ್ತಿರಲಿಲ್ಲ. "ಕೂಗಿದ್ರೆ ನಿನ್ನ ಫೋಟೋ ಅಲುಗಾಡ್ತದಲ್ಲ ಮಗಾ. ನಮ್ಮ ಮದುವೆಯ ಫೋಟೋ ತೆಗೆಯುವಾಗ ಸ್ಟುಡಿಯೋದವರು ಉಸಿರು ಸಹ ಬಿಡ್ಬೇಡಿ ಅಂದಿದ್ರು. ಅದಕ್ಕೇ ಬಾಯಿ ಮುಚ್ಚಿಕೊಂಡೆ. ಮುಚ್ಚಿದೆ ಅಂತ ನೀನು ಹೇಳಿದ ಕೂಡ್ಲೇ ಕರೆಯುವಾ ಅಂತ ಇದ್ದೆ."

ಇವರ ಆ ಒಂದು ಮಾತಿಗೆ ಕಾಯುತ್ತಾ ಅವರು ಅಲ್ಲಿ ಸದ್ದಿಲ್ಲದೆ ಸತ್ತೇ ಹೋಗುತ್ತಿದ್ದರು, ನಾವು ಇಬ್ಬರೂ ಕೂಗಳತೆಯಲ್ಲಿ ನಿಂತು ಕತ್ತಲೆಯನ್ನು ಕಾಯುತ್ತಿದ್ದೆವು. ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು.

ಅತ್ತೆ ಮಗನ ತಲೆಯ ಮೇಲೆ ಕೈಯಿಟ್ಟು, "ಸಿಕ್ಕಿತಾ ನಿನ್ನ ನಕ್ಷತ್ರ?" ಎಂದು ಕೇಳಿದರು.

ಹೊರಗೆ ಬಲ್ಬು ಉರಿಯುತ್ತಿತ್ತು, ಮೂಲೆಯಲ್ಲಿ ಕ್ಯಾಮೆರಾ ಇನ್ನೂ ತೆರೆದೇ ಇತ್ತು. ಇವರು ತಾಯಿಯ ಪಾದಗಳನ್ನು ಬಿಡಲಿಲ್ಲ.

"ಸಿಕ್ಕಿತು ಅಮ್ಮ," ಎಂದರು, "ಚಂದ ಬಂದಿದೆ."